ಹಳೇ ಶಕ್ತಿಮಾನ್: ಆಯಿಲ್ ಸೋರಿಕೆ ಮೊದಲೋ, ಕ್ಲಚ್ ಮೊದಲೋ?

ಪ್ರಶ್ನೆ: ನಮ್ಮ ತೋಟದಲ್ಲಿ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಕೊಂಡ ಶಕ್ತಿಮಾನ್ ಲಾರಿ ಇದೆ. ಅಪ್ಪನ ಕಾಲದ್ದು. ಮರ ಎಳೆಯೋದಕ್ಕೆ, ಗೊಬ್ಬರ ಸಾಗಿಸೋದಕ್ಕೆ ಈಗಲೂ ಅದೇ ಬೇಕು. ಹೋದ ವರ್ಷ ಹೊಸ ಕ್ಲಚ್ ಪ್ಲೇಟ್ ಹಾಕಿಸಿದೆವು. ಆರೇ ತಿಂಗಳಿಗೆ ಲೋಡ್ ಹಾಕಿ ಏರು ಹತ್ತಿಸಿದರೆ ಇಂಜಿನ್ ಮಾತ್ರ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ನಿಲ್ಲಿಸಿದ ಕಡೆ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಆಯಿಲ್ ತೊಟ್ಟಿಕ್ಕುತ್ತದೆ. ಮೆಕ್ಯಾನಿಕ್ ಮತ್ತೆ ಪ್ಲೇಟ್ ಬದಲಿಸಿ ಅಂತಿದ್ದಾರೆ. ಏನು ಮಾಡಲಿ ಸರ್?
– ಸಕಲೇಶಪುರದ ಓದುಗರು

ಉತ್ತರ: ಪ್ಲೇಟ್ ಈಗಲೇ ತರಬೇಡಿ. ನೀವು ಹೇಳಿದ್ದನ್ನು ನೋಡಿದರೆ ಎರಡು ಕಾಯಿಲೆ ಅಲ್ಲ, ಒಂದೇ. ಸೋರಿದ ಆಯಿಲ್ ಕ್ಲಚ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಒಳಗೆ ಹೋಗಿ ಪ್ಲೇಟನ್ನು ನೆನೆಸುತ್ತಿದೆ. ಸೋರಿಕೆ ನಿಲ್ಲಿಸದೆ ಎಷ್ಟು ಪ್ಲೇಟ್ ಹಾಕಿದರೂ ದುಡ್ಡು ದಂಡ.

ಶಕ್ತಿಮಾನ್ ಗಟ್ಟಿ ಗಾಡಿ. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸ್ ಪಡೆದು 1959ರಿಂದ ಜಬಲ್ಪುರದಲ್ಲಿ ತಯಾರಾದದ್ದು. 1990ರ ದಶಕದಲ್ಲಿ ತಯಾರಿ ನಿಂತಿತು. ಅಂದಮೇಲೆ ಇವತ್ತು ಓಡುತ್ತಿರುವ ಯಾವ ಶಕ್ತಿಮಾನ್ ಕೂಡ ಪೂರ್ತಿ ಮೂಲದ ಗಾಡಿಯಾಗಿ ಉಳಿದಿರುವುದು ಕಷ್ಟ. ಕೈಯಿಂದ ಕೈಗೆ ಬರುವಾಗ ಕ್ಲಚ್, ಗೇರ್ ಬಾಕ್ಸ್, ಎಷ್ಟೋ ಸಲ ಇಂಜಿನ್ನೇ ಬೇರೆ ಗಾಡಿಯದು ಕೂತಿರುತ್ತದೆ. ಹಾಗಾಗಿ ಹಳೇ ಪುಸ್ತಕದ ಪಾರ್ಟ್ ನಂಬರ್ ಹಿಡಿದು ಅಂಗಡಿಗೆ ಹೋಗಬೇಡಿ. ಬಿಚ್ಚಿ, ಅಳೆದು, ಆಮೇಲೆ ತನ್ನಿ.

ಮೊದಲ ಕೆಲಸ, ಸೋರುತ್ತಿರುವುದು ಯಾವ ಆಯಿಲ್ ಅಂತ ತಿಳಿಯುವುದು. ರಾತ್ರಿ ಗಾಡಿ ಕೆಳಗೆ ಒಂದು ಅಗಲವಾದ ರಟ್ಟು ಹಾಸಿ. ಬೆಳಿಗ್ಗೆ ಬಿದ್ದ ಹನಿಯನ್ನು ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಡೀಸೆಲ್ ಇಂಜಿನ್ನಿನ ಆಯಿಲ್ ಕಪ್ಪಗೆ, ತೆಳ್ಳಗೆ ಇರುತ್ತದೆ. ಗೇರ್ ಆಯಿಲ್ ಮಂದ, ಅಂಟಂಟು. ಅದಕ್ಕೆ ಗಂಧಕದ ಘಾಟು ವಾಸನೆ ಇರುತ್ತದೆ. ಒಮ್ಮೆ ಮೂಸಿದವರು ಮರೆಯಲ್ಲ. ಕಪ್ಪು ಆಯಿಲ್ ಆದರೆ ಕ್ರ್ಯಾಂಕ್ ಶಾಫ್ಟ್ ಹಿಂದಿನ ಸೀಲ್ (ಆಯಿಲ್ ಹೊರಬರದಂತೆ ತಡೆಯುವ ಬಳೆ) ಕಡೆ ಅನುಮಾನ. ಘಾಟು ವಾಸನೆಯದಾದರೆ ಗೇರ್ ಬಾಕ್ಸಿನ ಮುಂದಿನ ಶಾಫ್ಟಿನ ಸೀಲ್.

ಕಪ್ಪು ಆಯಿಲ್ ಅಂದ ಕೂಡಲೇ ಗೇರ್ ಬಾಕ್ಸ್ ಇಳಿಸಲು ಹೊರಡಬೇಡಿ. ಗಾಡಿ ಓಡುವಾಗ ಗಾಳಿಗೆ ಆಯಿಲ್ ಹಿಂದಕ್ಕೆ ಹರಿಯುತ್ತದೆ. ಮೇಲಿನ ಟ್ಯಾಪೆಟ್ ಕವರ್ ಸೋರಿದ್ದು ಕೂಡ ಇಂಜಿನ್ನಿನ ಬೆನ್ನ ಮೇಲೆ ಇಳಿದು ಕ್ಲಚ್ ಹೌಸಿಂಗ್ ಕೆಳಗೇ ತೊಟ್ಟಿಕ್ಕುತ್ತದೆ. ಇಂಜಿನ್ನಿನ ಹೊರಮೈ ಪೂರ್ತಿ ಡೀಸೆಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ ತೊಳೆಯಿರಿ, ಒಣಗಿಸಿ. ಅನುಮಾನ ಇರುವ ಕಡೆಗೆಲ್ಲ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ. ಅರ್ಧ ಗಂಟೆ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಪೌಡರ್ ಎಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆ ಆಗಿದೆಯೋ ಸೋರಿಕೆ ಅಲ್ಲಿಂದಲೇ.

ಇನ್ನೊಂದು ವಿಷಯ ಸುಮಾರು ಜನ ನೋಡುವುದೇ ಇಲ್ಲ. ಬ್ರೀದರ್. ಇಂಜಿನ್ ಒಳಗಿನ ಗ್ಯಾಸ್ ಹೊರಗೆ ಹೋಗಲು ಇರುವ ದಾರಿ ಅದು. ತೋಟದ ಧೂಳು, ಆಯಿಲ್ ಸೇರಿ ಅದು ಕಟ್ಟಿಕೊಂಡರೆ ಒಳಗಿನ ಪ್ರೆಷರ್ ಸೀಲ್‌ಗಳನ್ನೇ ತಳ್ಳಿಕೊಂಡು ಹೊರಬರುತ್ತದೆ. ಹೊಸ ಸೀಲ್ ಕೂಡ ತಡೆಯಲ್ಲ. ಬ್ರೀದರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಹಾಕಿ. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಆಕ್ಸಲ್‌ಗಳಲ್ಲೂ ಇಂಥದ್ದೇ ಸಣ್ಣ ಬ್ರೀದರ್ ಇರುತ್ತವೆ, ಅವನ್ನೂ ನೋಡಿ. ಆಮೇಲೆ ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಸ್ವಲ್ಪ ಆವಿ ಬಂದರೆ ಚಿಂತೆ ಇಲ್ಲ. ಬುಸುಬುಸು ಅಂತ ಹೊಗೆ ನುಗ್ಗಿದರೆ ಪಿಸ್ಟನ್ ರಿಂಗ್ ಸವೆದಿವೆ. ಆಗ ಇಂಜಿನ್ ಕೆಲಸವೇ ಮೊದಲು.

ಹಾಗೆಯೇ ಕ್ಲಚ್ ಹೌಸಿಂಗ್ ತಳದಲ್ಲಿ ಒಂದು ತೂತು ಇದೆಯಾ ಹುಡುಕಿ. ಸೋರಿದ ಆಯಿಲ್ ಒಳಗೆ ನಿಲ್ಲದೆ ಹೊರಗೆ ಬೀಳಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಹೊಳೆ ದಾಟುವ ಮಿಲಿಟರಿ ಗಾಡಿಗಳಲ್ಲಿ, ಲ್ಯಾಂಡ್ ರೋವರ್‌ಗಳಲ್ಲಿ ಇರುವ ಹಾಗೆ, ನೀರು ಒಳಗೆ ಬರದಿರಲು ಈ ತೂತಿಗೆ ತಿರುಪು ಪ್ಲಗ್ ಹಾಕುವ ಪದ್ಧತಿ ಇದೆ. ದಾಟಿದ ಮೇಲೆ ಬಿಚ್ಚಬೇಕು. ಬಿಚ್ಚದೆ ಬಿಟ್ಟರೆ, ಅಥವಾ ಕೆಸರು ಕಟ್ಟಿಕೊಂಡರೆ, ಆಯಿಲ್ ಒಳಗೇ ತುಂಬಿ ಫ್ಲೈವೀಲ್ (ಇಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ) ಅದನ್ನು ಎರಚಿ ಪ್ಲೇಟ್ ಹಾಳಾಗುತ್ತದೆ. ಒಂದು ಕಡ್ಡಿ ಚುಚ್ಚಿ ನೋಡಿ, ಅಷ್ಟೇ ಕೆಲಸ.

ಇಷ್ಟೆಲ್ಲ ನೋಡಿಯೂ ಸೀಲ್ ಹೋಗಿದೆ ಅಂತ ಖಾತ್ರಿಯಾದರೆ ಗೇರ್ ಬಾಕ್ಸ್ ಇಳಿಸಲೇಬೇಕು. ಚಕ್ರಕ್ಕೆ ಮರದ ದಿಮ್ಮಿ ಕೊಡಿ. ಚಾಸಿ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಯಾರೂ ಕೆಳಗೆ ಹೋಗಬಾರದು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮೊದಲು ಎರಡೂ ಫ್ಲಾಂಜ್ ಮೇಲೆ ಪಂಚ್‌ನಿಂದ ಗುರುತು ಮಾಡಿ, ಅದೇ ಜೋಡಣೆಯಲ್ಲಿ ವಾಪಸ್ ಕೂರಬೇಕು. ಬಿಚ್ಚುವಾಗಲೂ ಕೂರಿಸುವಾಗಲೂ ಗೇರ್ ಬಾಕ್ಸಿನ ಭಾರ ಶಾಫ್ಟ್ ಮೇಲೆ ನೇತಾಡಬಾರದು. ನೇತಾಡಿದರೆ ಹೊಸ ಪ್ಲೇಟ್ ಅಲ್ಲೇ ಸೊಟ್ಟಗಾಗುತ್ತದೆ. ಎರಡು ಉದ್ದ ಬೋಲ್ಟಿನ ತಲೆ ಕತ್ತರಿಸಿ ಹೌಸಿಂಗ್‌ನ ಎದುರುಬದುರು ತೂತುಗಳಿಗೆ ತಿರುಗಿಸಿ. ಗೇರ್ ಬಾಕ್ಸ್ ಅದರ ಮೇಲೆ ನೇರವಾಗಿ ಜಾರಿ ಕೂರುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಹೌಸಿಂಗ್ ಒಳಗಿನ ಕಪ್ಪು ಪುಡಿಯನ್ನು ಏರ್ ಹೊಡೆದು ಊದಬೇಡಿ. ಪ್ಲೇಟಿನ ಮೇಲಿನ ಹಿಡಿತದ ಪದರ, ಅಂದರೆ ಹಳೇ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು. ಆ ಪುಡಿ ಶ್ವಾಸಕೋಶಕ್ಕೆ ಸೇರಿದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಬರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಬಿಡಿ. ಕೆಲಸ ಮಾಡುವ ಹುಡುಗರಿಗೆ ಮಾಸ್ಕ್ ಕೊಡಿಸುವುದು ನಿಮ್ಮ ಜವಾಬ್ದಾರಿ.

ಸೀಲ್ ತೆಗೆದ ಮೇಲೆ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಸೀಲಿನ ತುಟಿ ಉಜ್ಜಿ ಉಜ್ಜಿ ಅಲ್ಲಿ ಗೆರೆ ಬಿದ್ದಿರುತ್ತದೆ. ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿದರೂ ಸೋರುತ್ತದೆ. ತೆಳು ಸ್ಟೀಲ್ ಸ್ಲೀವ್ ಹಾಕಿಸಿ, ಇಲ್ಲವೇ ಜಾಗ ಇದ್ದರೆ ಸೀಲನ್ನು ಎರಡು ಮಿಲಿಮೀಟರ್ ಆಚೀಚೆ ಕೂರಿಸಿ. ಶಾಫ್ಟಿನ ದಪ್ಪ, ಸೀಲ್ ಕೂರುವ ಗುಂಡಿಯ ಅಗಲ, ಸೀಲಿನ ಮಂದ, ಈ ಮೂರನ್ನು ವರ್ನಿಯರ್‌ನಲ್ಲಿ ಅಳೆದು ಬರೆದುಕೊಂಡರೆ ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ಕಲಾಸಿಪಾಳ್ಯದಲ್ಲೋ ಹುಡುಕುವುದು ಸುಲಭ. ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗೆ ಬರಬೇಕು. ತುಟಿಗೆ ಆಯಿಲ್ ಸವರಿ ಕೂರಿಸಿ. ಕೆಲವು ಹಳೇ ಇಂಜಿನ್‌ಗಳಲ್ಲಿ ಹಿಂದಿನ ಸೀಲ್ ಹಗ್ಗದ ಥರ ಇರುತ್ತದೆ. ಅದನ್ನು ಆಯಿಲ್‌ನಲ್ಲಿ ನೆನೆಸಿ, ಅದು ಕೂರುವ ತೋಡಿನಲ್ಲಿ ಚೆನ್ನಾಗಿ ಅದುಮಿ, ತುದಿ ಸಮ ಕತ್ತರಿಸಬೇಕು.

ಇಂಜಿನ್ ತಳದ ಆಯಿಲ್ ಚೇಂಬರ್ ಬಿಚ್ಚಿದ್ದರೆ ಅದರ ಅಂಚನ್ನು ನೋಡಿ. ಬೋಲ್ಟ್ ಜಾಸ್ತಿ ಬಿಗಿದು ತೂತಿನ ಸುತ್ತ ತಗಡು ಒಳಗೆ ಬಗ್ಗಿರುತ್ತದೆ. ಮರದ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಗಮ್ ಬಳಿದರೆ ಸರಿಹೋಗುತ್ತೆ ಅಂತ ಧಾರಾಳ ಬಳಿಯಬೇಡಿ. ಒಳಗೆ ಉಕ್ಕಿದ ಗಮ್ ತುಂಡಾಗಿ ಆಯಿಲ್ ಪಂಪಿನ ಜಾಲರಿ ಕಟ್ಟಿದರೆ ಇಂಜಿನ್ನೇ ಹೋಗುತ್ತದೆ.

ಈಗ ಪ್ಲೇಟ್. ಆಯಿಲ್ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ. ಬೇಡ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ. ಲೈನಿಂಗ್ ಹೊಸದೇ ಹಾಕಿಸಿ, ರಿವೆಟ್ ತಲೆ ಲೈನಿಂಗ್‌ಗಿಂತ ಚೆನ್ನಾಗಿ ಒಳಗಿರಲಿ. ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆ ಬಿರುಕು ಕಂಡರೆ ಲೇತ್‌ನಲ್ಲಿ ಹಗುರವಾಗಿ ಹೊಡೆಸಿ. ಬಿರುಕು ಆಳವಾಗಿದ್ದರೆ ಫ್ಲೈವೀಲೇ ಬದಲಿಸಿ. ರಿಲೀಸ್ ಬೇರಿಂಗ್, ಫ್ಲೈವೀಲ್ ಮಧ್ಯದ ಪೈಲಟ್ ಬೇರಿಂಗ್ ಎರಡನ್ನೂ ಈಗಲೇ ಹೊಸದು ಹಾಕಿ. ಆ ಬೇರಿಂಗಿಗೋಸ್ಕರ ಇನ್ನೊಂದು ಸಲ ಇಷ್ಟು ಭಾರದ ಗೇರ್ ಬಾಕ್ಸ್ ಇಳಿಸುವುದು ಯಾರಿಗೂ ಬೇಡ, ಅಲ್ವಾ? ಕೊನೆಗೆ ಪೆಡಲ್‌ಗೆ ಒಂದರಿಂದ ಒಂದೂವರೆ ಇಂಚು ಸಡಿಲ ಬಿಡಿ. ಅದು ಇಲ್ಲದಿದ್ದರೆ ಆಯಿಲ್ ಇಲ್ಲದೆಯೂ ಕ್ಲಚ್ ಜಾರುತ್ತದೆ. ಹಾಫ್ ಕ್ಲಚ್‌ನಲ್ಲಿ ಮರ ಎಳೆಯುವ ಅಭ್ಯಾಸ ಡ್ರೈವರ್‌ಗೆ ಇದ್ದರೆ ಬಿಡಿಸಿ. ಲೋ ರೇಂಜ್ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರ್) ಇರುವುದು ಅದಕ್ಕೇ.

ಪ್ರಶ್ನೆ: ನಿಸ್ಸಾನ್ ಒನ್ ಟನ್ ಮಿಲಿಟರಿ ಗಾಡಿ ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತಿತ್ತು. ಈಗ ಇಂಜಿನ್ ಸ್ಟಾರ್ಟ್ ಆಗುತ್ತದೆ, ಕ್ಲಚ್ ಪೂರ್ತಿ ಒತ್ತಿದರೂ ಗೇರ್ ಬೀಳಲ್ಲ, ಕರಕರ ಅನ್ನುತ್ತದೆ. ಪ್ಲೇಟ್ ಹೋಯಿತಾ?
– ಸೋಮವಾರಪೇಟೆಯ ಓದುಗರು

ಉತ್ತರ: ಹೋಗಿರಲಿಕ್ಕಿಲ್ಲ, ಅಂಟಿಕೊಂಡಿದೆ. ನಿಮ್ಮ ಕಡೆ ಮಳೆಗೆ ಫ್ಲೈವೀಲ್ ತುಕ್ಕು ಹಿಡಿದು ಲೈನಿಂಗ್ ಅದಕ್ಕೆ ಕಚ್ಚಿಕೊಳ್ಳುತ್ತದೆ. ಆದರೂ ಮೊದಲು ಪೆಡಲ್ ಒತ್ತಿಸಿ, ಕ್ಲಚ್ ಫೋರ್ಕ್ (ಕ್ಲಚ್ ಬಿಡಿಸುವ ಕವೆ) ನಿಜವಾಗಿ ಅಲ್ಲಾಡುತ್ತದಾ ನೋಡಿ. ಹೈಡ್ರಾಲಿಕ್ ಕ್ಲಚ್ ಆದರೆ ಫ್ಲೂಯಿಡ್ ಇದೆಯಾ ನೋಡಿ. ಫೋರ್ಕ್ ಅಲ್ಲಾಡದಿದ್ದರೆ ತೊಂದರೆ ಹೊರಗಡೆಯೇ ಇದೆ.

ಫೋರ್ಕ್ ಸರಿ ಇದ್ದರೆ ಇಂಜಿನ್ ಚೆನ್ನಾಗಿ ಬಿಸಿ ಮಾಡಿ ನಿಲ್ಲಿಸಿ, ಪೆಡಲ್ ಒತ್ತಿ ಸೀಟಿಗೆ ಮರದ ಕೋಲು ಕೊಟ್ಟು ರಾತ್ರಿಯಿಡೀ ಬಿಡಿ. ಎಷ್ಟೋ ಸಲ ಇಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಬಯಲಿಗೆ ಎಳೆದುಕೊಂಡು ಹೋಗಿ. ಮೊದಲು ಬ್ರೇಕ್ ಹಿಡಿಯುತ್ತಾ ಖಾತ್ರಿ ಮಾಡಿಕೊಳ್ಳಿ. ಮುಂದೆ ಯಾರೂ ಇರಬಾರದು, ಯಾಕೆಂದರೆ ಗೇರಿನಲ್ಲಿ ಸೆಲ್ಫ್ ಹೊಡೆದ ಕೂಡಲೇ ಗಾಡಿ ನುಗ್ಗುತ್ತದೆ. ಇಂಜಿನ್ ಮತ್ತೆ ಬಿಸಿ ಮಾಡಿ ನಿಲ್ಲಿಸಿ, ಎರಡನೇ ಗೇರಿನಲ್ಲಿ ಸ್ಟಾರ್ಟ್ ಮಾಡಿ, ಪೆಡಲ್ ಒತ್ತಿಕೊಂಡೇ ಆಕ್ಸಿಲರೇಟರ್ ಕೊಟ್ಟು ಬಿಟ್ಟು, ನಡುನಡುವೆ ಬ್ರೇಕ್ ಹಿಡಿಯಿರಿ. ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಆಮೇಲೆ ಸ್ವಲ್ಪ ದೂರ ಓಡಿಸಿ, ತುಕ್ಕು ಸವೆದುಹೋಗುತ್ತದೆ. ಮುಂದಿನ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ಮಾರು ಮುಂದೆ ಹಿಂದೆ ಓಡಿಸಿ.

ಪ್ರಶ್ನೆ: ನಮ್ಮ ಹಳೇ ಮಿಲಿಟರಿ ಜೀಪು ಜೋಂಗಾದ ಹಿಂದಿನ ಒಂದು ಚಕ್ರದ ಒಳಬದಿ ಆಯಿಲ್ ಇಳಿಯುತ್ತಿದೆ. ಹಾಗೇ ಓಡಿಸಬಹುದಾ?
– ಬೆಳಗಾವಿಯ ಓದುಗರು

ಉತ್ತರ: ಬೇಡ. ಅಲ್ಲಿ ಬ್ರೇಕ್ ಡ್ರಮ್ ಇದೆ. ಘಾಟು ವಾಸನೆ ಇದ್ದರೆ ಆಕ್ಸಲ್ ಸೀಲ್ ಹೋಗಿದೆ. ಆ ಘಾಟು ಇಲ್ಲದ ತೆಳು ದ್ರವ ಆದರೆ ವೀಲ್ ಸಿಲಿಂಡರಿನ ಬ್ರೇಕ್ ಫ್ಲೂಯಿಡ್, ಅದು ಇನ್ನೂ ಅಪಾಯ. ಸೀಲ್ ಬದಲಿಸುವಾಗ ಆಕ್ಸಲ್ ಬ್ರೀದರ್ ತೊಳೆಯಿರಿ. ಆಯಿಲ್ ಲೆವೆಲ್ ಪ್ಲಗ್‌ನ ತೂತಿನವರೆಗೆ ಮಾತ್ರ ಇರಲಿ. ನೆನೆದ ಬ್ರೇಕ್ ಲೈನಿಂಗನ್ನು ಎರಡೂ ಕಡೆಯ ಚಕ್ರಕ್ಕೆ ಒಟ್ಟಿಗೆ ಬದಲಿಸಿ. ಒಂದೇ ಕಡೆ ಹಾಕಿದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ.