ನಿದ್ದೆಗೆಟ್ಟರೆ ಗಮನ ಯಾಕೆ ಜಾರುತ್ತದೆ?

ನಿದ್ದೆಗೆಟ್ಟಾಗ ಮಿದುಳಿನ ಜಾಲಗಳ ನಡುವಿನ ಹೊಂದಾಣಿಕೆ ಸಡಿಲವಾಗುತ್ತದೆ. ಕೆಲಸ ಮಾಡುವಾಗ ಗಮನದ ಜಾಲ ಚುರುಕಾಗಬೇಕು, ಮನಸ್ಸು ಅಲೆಯುವಾಗ ಓಡುವ ‘ಡಿಫಾಲ್ಟ್ ಮೋಡ್’ ಜಾಲ ತಣ್ಣಗಿರಬೇಕು. ನಿದ್ದೆ ಸಾಲದಿದ್ದರೆ ಇವೆರಡರ ನಡುವಿನ ಗೆರೆ ಮಸುಕಾಗುತ್ತದೆ. ಪರದೆಯಲ್ಲಿ ಅಂಕಿ ಕಂಡೊಡನೆ ಗುಂಡಿ ಒತ್ತುವ 10 ನಿಮಿಷದ ಪರೀಕ್ಷೆಯಲ್ಲಿ ಇದು ಎದ್ದು ಕಾಣುತ್ತದೆ: ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಬರಬೇಕಾದ ಪ್ರತಿಕ್ರಿಯೆ ಆಗಾಗ ಅರ್ಧ ಸೆಕೆಂಡು ದಾಟುತ್ತದೆ. ಕಣ್ಣು ತೆರೆದೇ ಇರುತ್ತದೆ, ಆದರೆ ಅಂಕಿ ಮನಸ್ಸಿಗೆ ತಲುಪುವುದಿಲ್ಲ.

ನಿಜಕ್ಕೂ ಆತಂಕದ ಸಂಗತಿ ಬೇರೆ. ಒಂದು ಅಧ್ಯಯನದಲ್ಲಿ ಸತತ 14 ದಿನ ರಾತ್ರಿಗೆ 6 ಗಂಟೆಯಷ್ಟೇ ಮಲಗಿದವರು ಇಂಥ ಪರೀಕ್ಷೆಯಲ್ಲಿ ಮಾಡಿದ ತಪ್ಪುಗಳು ಇಡೀ ರಾತ್ರಿ ಎಚ್ಚರವಿದ್ದವರ ಮಟ್ಟ ಮುಟ್ಟಿದವು. ಅವರಿಗೆ ಮಾತ್ರ ಅಷ್ಟೊಂದು ತೂಕಡಿಕೆ ಅನಿಸಲೇ ಇಲ್ಲ!

ಕಾಫಿಯು ಮಿದುಳಿನಲ್ಲಿ ನಿದ್ದೆ ತರಿಸುವ ಅಡೆನೋಸಿನ್ ಎಂಬ ರಾಸಾಯನಿಕ ಅಂಟಿಕೊಳ್ಳುವ ಗ್ರಾಹಕಗಳನ್ನು ತಡೆಯುತ್ತದೆ ಅಷ್ಟೇ, ನಿದ್ದೆಯ ಬಾಕಿ ಹಾಗೇ ಉಳಿಯುತ್ತದೆ. ದಾರಿಯಲ್ಲಿ ತೂಕಡಿಕೆ ಬಂದರೆ ವಾಹನ ನಿಲ್ಲಿಸಿ 20 ನಿಮಿಷ ಮಲಗಿ. ಎದ್ದ ಕೂಡಲೇ ಹೊರಡದೆ ಮಂಪರು ಕಳೆಯಲು ಬಿಡಿ.