ಸಮುದ್ರದ ನೀರಿನಲ್ಲಿ ತಾಮ್ರ ಎಷ್ಟಿದೆ ಎಂದು ಗೊತ್ತಾದರೆ ಪಚ್ಚಿಲೆ, ಸಿಂಪಿಯಂಥ ಚಿಪ್ಪುಜೀವಿಗಳಿಗೆ ಅದು ವಿಷವೇ ಎಂದು ಹೇಳಬಹುದೇ?

ಒಟ್ಟು ತಾಮ್ರದ ಅಂಕಿಯೊಂದರಿಂದಲೇ ಹೇಳಲಾಗದು. ಜೀವಿಗೆ ಮುಖ್ಯವಾಗಿ ಕುತ್ತು ತರುವುದು ಬಿಡಿಯಾಗಿರುವ ತಾಮ್ರದ ಅಯಾನು, ಅಂದರೆ ವಿದ್ಯುದಾವೇಶವಿರುವ ಕಣ. ಕೊಳೆತ ಎಲೆ, ಪಾಚಿಗಳಿಂದ ಬರುವ ಕರಗಿದ ಸಾವಯವ ಇಂಗಾಲ ಅದರ ಬಹುಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಲೀಟರಿಗೆ 10 ಮೈಕ್ರೋಗ್ರಾಂ ತಾಮ್ರ ತಿಳಿನೀರಿನಲ್ಲಿ ಪಚ್ಚಿಲೆಯ ಭ್ರೂಣಗಳನ್ನು ಕೆಡಿಸಬಹುದು, ಇಂಗಾಲ ಹೆಚ್ಚಿರುವ ಅಳಿವೆಯಲ್ಲಿ ಏನೂ ಆಗದಿರಬಹುದು.

ತಾಮ್ರ ಇಂಗಾಲಕ್ಕೆ ಅಂಟುತ್ತದೋ ಜೀವಿಯ ಮೈಗೆ ಅಂಟುತ್ತದೋ ಎಂಬ ಈ ಪೈಪೋಟಿಯನ್ನೇ ‘ಬಯೋಟಿಕ್ ಲಿಗ್ಯಾಂಡ್ ಮಾದರಿ’ ಎಂಬ ಗಣಿತದ ಮಾದರಿ ಲೆಕ್ಕ ಹಾಕುತ್ತದೆ. ಅದಕ್ಕೆ ಕರಗಿದ ತಾಮ್ರ, ಕರಗಿದ ಸಾವಯವ ಇಂಗಾಲ, ಪಿಎಚ್, ಲವಣಾಂಶ, ಉಷ್ಣತೆ ಬೇಕು. ಇಂಗಾಲವನ್ನು ಅಂದಾಜಿನಲ್ಲಿ ತುಂಬಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ತಾಮ್ರದ ಮಟ್ಟಿಗೆ ಫಲಿತಾಂಶವನ್ನು ಹೆಚ್ಚು ಅಲುಗಾಡಿಸುವುದು ಅದೇ. ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹದ ಕಥೆ ಬೇರೆ: ಅದನ್ನು ಕಟ್ಟಿಹಾಕುವುದು ಉಪ್ಪಿನಲ್ಲಿರುವ ಕ್ಲೋರೈಡ್, ಆದ್ದರಿಂದ ಮಳೆಗಾಲದಲ್ಲಿ ಉಪ್ಪು ಇಳಿದಾಗ ಅಪಾಯ ಏರುತ್ತದೆ.

ಪರೀಕ್ಷೆಗೆ ತಂದ ನೀರನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಲೋಹದ ಭಾಗಕ್ಕೆ ಆಮ್ಲದಿಂದ ತೊಳೆದ ಪ್ಲಾಸ್ಟಿಕ್ ಬಾಟಲಿ, ಶುದ್ಧ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ. ಇಂಗಾಲದ ಭಾಗಕ್ಕೆ ಗಾಜಿನ ಬಾಟಲಿ ಒಳ್ಳೆಯದು. ಲೋಹಗಳನ್ನು ದ್ರವ್ಯರಾಶಿಯಿಂದ ಗುರುತಿಸಿ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ, ಯಂತ್ರದ ಆರ್ಗಾನ್ ಅನಿಲ ಮತ್ತು ಉಪ್ಪಿನ ಸೋಡಿಯಂ ಕೂಡಿ ದ್ರವ್ಯರಾಶಿ 63ರಲ್ಲಿ ತಾಮ್ರದಂತೆಯೇ ಕಾಣಿಸಿಕೊಳ್ಳುತ್ತವೆ. ಉಪ್ಪುನೀರಿನಲ್ಲಿ ಅಂಕಿ ಸುಳ್ಳಾಗಿ ಉಬ್ಬುವುದು ಹೀಗೆ. ಲೋಹವನ್ನು ಹಿಡಿದಿಟ್ಟುಕೊಳ್ಳುವ ಕೀಲೇಟಿಂಗ್ ರಾಳದಲ್ಲಿ ಉಪ್ಪು ಬೇರ್ಪಡಿಸಿ ಅಳೆಯುವುದು ಒಳ್ಳೆಯದು.

ಲಿಗ್ಯಾಂಡ್ ಮಾದರಿಯ ಉತ್ತರವನ್ನು 48 ಗಂಟೆಗಳ ಭ್ರೂಣ ಪರೀಕ್ಷೆಯೊಂದಿಗೆ ಹೋಲಿಸಿ: ಇಂಗ್ಲಿಷ್ ‘ಡಿ’ ಅಕ್ಷರದ ಆಕಾರಕ್ಕೆ ಸರಿಯಾಗಿ ಬೆಳೆದ ಮರಿಗಳೆಷ್ಟು ಎಂದು ಎಣಿಸಬೇಕು. ಆಹಾರದ ಮೂಲಕ ಒಳಹೋಗುವ ಲೋಹ ಈ ಮಾದರಿಯ ಲೆಕ್ಕಕ್ಕೆ ಸಿಗುವುದಿಲ್ಲ.