ಒಲವು ಇದ್ದರೆ ತಪ್ಪೇನು ಮೇಷ್ಟ್ರೇ?

ದಾವಣಗೆರೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಮುಂಬಯಿಯ ಇಂಗ್ಲಿಷ್ ವಾರಪತ್ರಿಕೆ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಗೆ (ಇಪಿಡಬ್ಲ್ಯು) ನಾವು ನಾಲ್ಕು ಪುಟ ಕೊಟ್ಟಿದ್ದು ಅವರಿಗೆ ಹಿಡಿಸಿಲ್ಲ. 'ಎಡಪಂಥದ ಪತ್ರಿಕೆ ಅಂದರೆ ಪಕ್ಷದ ಕರಪತ್ರ. ಅದರ ಚರಿತ್ರೆ ಕಟ್ಟಿಕೊಂಡು ಕನ್ನಡದ ಓದುಗರಿಗೆ ಏನಾಗಬೇಕು? ಪತ್ರಿಕೆ ಯಾವ ಕಡೆಗೂ ವಾಲಬಾರದು' ಎನ್ನುವುದು ಅವರ ವಾದ.

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಮೊದಲ ಸಾಲು ಓದಿದರೆ ಕೊನೆಯ ಸಾಲು ಹೇಳಿಬಿಡಬಹುದಾದ ಪಕ್ಷದ ಪತ್ರಿಕೆಗಳನ್ನು ನಾನೂ ಓದಿದ್ದೇನೆ. ಇಪಿಡಬ್ಲ್ಯುನ ಇಂಗ್ಲಿಷ್ ಕಬ್ಬಿಣದ ಕಡಲೆ, ಅದನ್ನೂ ಒಪ್ಪುತ್ತೇನೆ. ಆದರೆ ಅದನ್ನು ಕರಪತ್ರ ಅಂದಿರಲ್ಲ, ಆ ಮಾತನ್ನು ಮಾತ್ರ ಸುಮ್ನೆ ಬಿಡಲಾರೆ.

ಇಪಿಡಬ್ಲ್ಯು ಹುಟ್ಟಿದ್ದು 'ಎಕನಾಮಿಕ್ ವೀಕ್ಲಿ' ಎಂಬ ಹೆಸರಲ್ಲಿ, 1949ರಲ್ಲಿ ಅದನ್ನು ಶುರು ಮಾಡಿದವರು ಸಚಿನ್ ಚೌಧುರಿ. 1951ರಲ್ಲೇ ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅದರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯ ಬಗ್ಗೆ ಬರೆದರು. ಅವರು ರಾಂಪುರ ಎಂದು ಕರೆದ ಊರು ಅದು. ಶ್ರೀನಿವಾಸ್ ಯಾವ ಕೋನದಿಂದ ನೋಡಿದರೂ ಎಡಪಂಥದವರಲ್ಲ. ಆದರೂ ಜಾಗ ಸಿಕ್ಕಿತು. ಅಂಥ ಹಳ್ಳಿ ಲೇಖನಗಳ ಸರಣಿಯೇ ಬಂತು, 1955ರಲ್ಲಿ ಪುಸ್ತಕವೂ ಆಯಿತು. ಕನ್ನಡದವರಿಗೆ ಏನಾಗಬೇಕು ಅಂದಿರಲ್ಲ, ಇಷ್ಟು ಸಾಲದಾ?

ಮುಂದೆ ದುಡ್ಡು ಹಾಕಿದವರಿಗೂ ಚೌಧುರಿಯವರಿಗೂ ಸರಿಹೋಗದೆ 1965ರ ಕೊನೆಗೆ ಪತ್ರಿಕೆ ನಿಂತುಹೋಯಿತು. ಆಗ ಗೆಳೆಯರು, ಹಿತೈಷಿಗಳು ಸೇರಿ ಹಣ ಕೂಡಿಸಿದರು, ಸಮೀಕ್ಷಾ ಟ್ರಸ್ಟ್ ಕಟ್ಟಿದರು, 1966ರ ಆಗಸ್ಟ್‌ನಲ್ಲಿ ಹೆಸರಿಗೆ 'ಪೊಲಿಟಿಕಲ್' ಸೇರಿಸಿಕೊಂಡು ಅದು ಮತ್ತೆ ಬಂತು. ಅದೇ ಡಿಸೆಂಬರಿನಲ್ಲಿ ಚೌಧುರಿ ತೀರಿಕೊಂಡರು. 1969ರಿಂದ 2004ರ ಜನವರಿಯಲ್ಲಿ ಕಣ್ಣುಮುಚ್ಚುವ ತನಕ ಅದನ್ನು ನಡೆಸಿದವರು ಕೃಷ್ಣರಾಜ್. ಮುಖಪುಟದಲ್ಲಿ ತನ್ನ ಫೋಟೊ ಹಾಕಿಕೊಳ್ಳುವ ಸಂಪಾದಕರ ಕಾಲದಲ್ಲಿ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ.

ಈಗ ನಿಮ್ಮ ಕರಪತ್ರದ ಮಾತಿಗೆ ಬರುತ್ತೇನೆ. ಪಂಜಾಬಿನ ದೊಡ್ಡ ರೈತರ ಸರ್ವೆ ಮಾಡಿದ ಅರ್ಥಶಾಸ್ತ್ರಜ್ಞ ಅಶೋಕ್ ರುದ್ರ, ಅಲ್ಲಿ ಬಂಡವಾಳಶಾಹಿ ರೈತರ, ಅಂದರೆ ಕೂಲಿಯಾಳು ಇಟ್ಟು ಲಾಭಕ್ಕಾಗಿ ಬೇಸಾಯ ಮಾಡುವವರ, ವರ್ಗವೇ ಕಾಣುತ್ತಿಲ್ಲ ಎಂದು ಇಪಿಡಬ್ಲ್ಯುನಲ್ಲಿ ಬರೆದರು. ಇನ್ನೊಬ್ಬ ಅರ್ಥಶಾಸ್ತ್ರಜ್ಞೆ ಉತ್ಸಾ ಪಟ್ನಾಯಕ್ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು: ನೀವು ಹುಡುಕುವ ವಿಧಾನವೇ ತಪ್ಪು, ಇನ್ನೂ ಹುಟ್ಟುತ್ತಿರುವ ವರ್ಗ ಹೀಗೆ ಲೆಕ್ಕ ಹಾಕಿದರೆ ಸಿಗುವುದಿಲ್ಲ ಅಂತ. ಇಬ್ಬರೂ ಎಡಪಂಥದವರೇ! ಆ ಜಗಳಕ್ಕೆ ಒಬ್ಬರಾದ ಮೇಲೆ ಒಬ್ಬರು ಸೇರಿಕೊಂಡು ಎಪ್ಪತ್ತರ ದಶಕವಿಡೀ ಎಳೆದಾಡಿದರು. ಕಾಲೇಜಿನ ಲೈಬ್ರರಿಯಲ್ಲಿ ಬೈಂಡ್ ಮಾಡಿಟ್ಟ ಆ ಹಳೇ ಸಂಚಿಕೆಗಳನ್ನು ನಾನು ಧಾರಾವಾಹಿ ಥರ ಓದಿದ್ದೇನೆ. ಸಣ್ಣ ಅಕ್ಷರ, ಪುಟ ತುಂಬ ಕೋಷ್ಟಕ, ಅಡಿಟಿಪ್ಪಣಿಯಲ್ಲೂ ಜಗಳ. ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ಮುಂದಿನ ಸಂಚಿಕೆಯಲ್ಲಿ ಯಾರು ಏನಂದರು ಎಂದು ಹುಡುಕುತ್ತಿದ್ದೆ. ಕರಪತ್ರದಲ್ಲಿ ಇದು ನಡೆಯುತ್ತದಾ?

1971ರ ಜನವರಿಯಲ್ಲಿ ಪುಣೆಯ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ ಅವರ ಬಡತನದ ಅಧ್ಯಯನ ಬಂದಿದ್ದೂ ಇಲ್ಲೇ. 1960-61ರಲ್ಲಿ ಹಳ್ಳಿಗಳ 40%, ಪಟ್ಟಣಗಳ 50% ಜನರಿಗೆ ಸಾಕಷ್ಟು ಊಟಕ್ಕೂ ಆದಾಯ ಸಾಲದು ಎಂಬ ಲೆಕ್ಕ. ಇವತ್ತಿಗೂ ಬಡತನದ ರೇಖೆ ಎಲ್ಲಿ ಎಳೆಯಬೇಕು ಎಂಬ ಮಾತು ಬಂದರೆ ಆ ಲೇಖನ ದಾಟಿ ಹೋಗುವಂತಿಲ್ಲ.

ಟ್ರಸ್ಟ್ ಇದ್ದ ಮಾತ್ರಕ್ಕೆ ಎಲ್ಲ ಸುಸೂತ್ರ ಅಂತಲ್ಲ. 2017ರಲ್ಲಿ ದೊಡ್ಡ ಕಂಪನಿಯೊಂದರ ಬಗ್ಗೆ ಬಂದ ಲೇಖನಕ್ಕೆ ಅದರ ವಕೀಲರ ನೋಟಿಸ್ ಬಂತು. ಟ್ರಸ್ಟಿಗಳು ಲೇಖನ ತೆಗೆಯಿರಿ ಎಂದರು, ಸಂಪಾದಕ ಪರಂಜಯ್ ಗುಹಾ ಠಾಕುರ್ತಾ ರಾಜೀನಾಮೆ ಕೊಟ್ಟು ಹೊರನಡೆದರು. ಟ್ರಸ್ಟಿಗಳಿಗೂ ಅವರದೇ ಕಾರಣ ಇತ್ತು. ನನಗೆ ಮಾತ್ರ ಆ ದಿನ ಹೊಟ್ಟೆ ಉರಿಯಿತು.

ಯಾವ ಕಡೆಗೂ ವಾಲದ ಪತ್ರಿಕೆ ಬೇಕು ಅಂತೀರಿ. ಸರ್ಕಾರದ ಪುಟಗಟ್ಟಲೆ ಜಾಹೀರಾತು ಹಾಕಿ, ಒಳಪುಟದಲ್ಲಿ ಅದೇ ಸರ್ಕಾರಕ್ಕೆ ನೋವಾಗದಂತೆ ಬರೆಯುವವರನ್ನು ನಾವು ನಿಷ್ಪಕ್ಷ ಅನ್ನುತ್ತೇವೆ. ತನ್ನ ಒಲವನ್ನು ನೇರವಾಗಿ ಹೇಳಿಕೊಂಡು, ಎದುರು ವಾದಕ್ಕೂ ಪುಟ ಕೊಡುವವರನ್ನು ಕರಪತ್ರ ಅನ್ನುತ್ತೇವೆ. ಇದು ಯಾವ ನ್ಯಾಯ? ಕನ್ನಡದಲ್ಲಿ ವಾರವಾರ ಹೀಗೆ ಅಂಕಿಅಂಶ ಹಿಡಿದು ಜಗಳವಾಡುವ ಪತ್ರಿಕೆ ಒಂದನ್ನಾದರೂ ನಾವು ಉಳಿಸಿಕೊಳ್ಳಬಹುದಿತ್ತು ಅಲ್ವಾ? ಪ್ರಾಧ್ಯಾಪಕರು ಬಡ್ತಿಯ ಅಂಕ ಸಿಗದ ಕಡೆ ಬರೆಯುವುದಿಲ್ಲ. ಓದುಗರು ಚಂದಾ ಕಟ್ಟುವುದಿಲ್ಲ, ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಹಂಚುತ್ತಾರೆ, ಪತ್ರಿಕೆ ನಿಂತ ಮೇಲೆ ಅಯ್ಯೋ ಪಾಪ ಅನ್ನುತ್ತಾರೆ.

ನೀವು ಹಾಗಲ್ಲ, ಇನ್‌ಲ್ಯಾಂಡ್ ಲೆಟರಿನ ಅಂಚಿನ ತನಕ ತುಂಬಿ ಬರೆದಿದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ: ನಿಮ್ಮ ವಾದವನ್ನೇ ಪೂರ್ತಿ ಲೇಖನ ಮಾಡಿ ಕಳಿಸಿ. ಒಂದು ಪದವನ್ನೂ ಕತ್ತರಿಸದೆ ಮುಂದಿನ ತಿಂಗಳು ಹಾಕುತ್ತೇನೆ, ನಾಲ್ಕು ಪುಟ ನಿಮಗೂ ಇದೆ.

-ಸಂಪಾದಕ